ರಾಜಗಡದ ಬುಡದ ಮನೆ: ಗುಂಜವಣೆಯಲ್ಲಿ ಊಟ ಮತ್ತು ವಾಟಾಡ್ಯಾ ಸೇವೆ

ಪುಣೆಯ ಸುತ್ತಲಿನ ಕೋಟೆಗಳಿಗೆ ಚಾರಣ ಕರೆದೊಯ್ಯುವ ಸಂಸ್ಥೆಗಳಿಗೆ ಕೊರತೆಯಿಲ್ಲ. ಆದರೂ ಡಿಸೆಂಬರ್ ತಿಂಗಳ ಒಂದು ಭಾನುವಾರ ನಾವು ನಾಲ್ವರು ಯಾವ ಸಂಸ್ಥೆಯನ್ನೂ ಆಶ್ರಯಿಸದೆ, ರಾಜಗಡದ ಬುಡದಲ್ಲಿರುವ ಗುಂಜವಣೆ ಗ್ರಾಮದ ಒಂದು ರೈತ ಕುಟುಂಬಕ್ಕೆ ಹಿಂದಿನ ದಿನವೇ ಫೋನ್ ಮಾಡಿ, ಬೆಳಗಿನ ಉಪಾಹಾರ, ಮಧ್ಯಾಹ್ನದ ಊಟ ಮತ್ತು ದಾರಿ ತೋರಿಸುವ ವಾಟಾಡ್ಯಾ ಈ ಮೂರನ್ನೂ ಅಲ್ಲಿಂದಲೇ ಪಡೆದೆವು. ಅದೇ ದಾರಿಯಲ್ಲಿ ಹೋಗಬಯಸುವವರಿಗೆ, ಅದರಲ್ಲೂ ಈ ದೇಶಕ್ಕೆ ಹೊಸದಾಗಿ ಬಂದ ಗೆಳೆಯರನ್ನು ಜೊತೆಗೆ ಕರೆದೊಯ್ಯುವವರಿಗೆ ಉಪಯೋಗವಾಗಲೆಂದು ಈ ಅನುಭವವನ್ನು ಬರೆಯುತ್ತಿದ್ದೇನೆ.

ವಿಜಯಪುರದವಳಾದ ನಾನು, ನಾನು ಅಕ್ಕ ಎಂದೇ ಕರೆಯುವ ಧಾರವಾಡದ ಸಹೋದ್ಯೋಗಿ, ಅವರ ಯಜಮಾನರು, ಮತ್ತು ಸಂಶೋಧನೆಗಾಗಿ ಇಥಿಯೋಪಿಯಾದ ಅಡಿಸ್ ಅಬಾಬಾದಿಂದ ಪುಣೆಗೆ ಬಂದು ಒಂದೂವರೆ ವರ್ಷ ಕಳೆದಿರುವ ಗೆಳತಿ, ಇಷ್ಟೇ ನಮ್ಮ ತಂಡ. ಗೆಳತಿಗೆ ಸಹ್ಯಾದ್ರಿಯ ಮೊದಲ ಪರಿಚಯ ಆದದ್ದು ಕಳೆದ ಮಳೆಗಾಲದಲ್ಲಿ, ಐವತ್ತು ಜನರನ್ನು ಒಂದೇ ಬಸ್ಸಿನಲ್ಲಿ ತುಂಬಿಕೊಂಡು ಹೋದ ಒಂದು ಸಂಸ್ಥೆಯ ಮೂಲಕ. ಅಲ್ಲಿ ಎಲ್ಲವೂ ಗಡಿಯಾರ ನೋಡಿಕೊಂಡು ನಡೆಯಿತು. ಆಕೆಯೊಡನೆ ಮಾತನಾಡಲು ಬಂದವರಲ್ಲಿ ಹೆಚ್ಚಿನವರು ಫೋಟೊ ತೆಗೆಸಿಕೊಂಡು ಮುಂದೆ ಹೋದರು. ಹಿಂದಿರುಗುವಾಗ ಆಕೆ ಇಡೀ ದಾರಿ ಮೌನವಾಗಿದ್ದುದು ನನ್ನ ಮನಸ್ಸಿನಿಂದ ಹೋಗಿರಲಿಲ್ಲ. ಈ ಸಲ ಬೇರೆ ಬಗೆಯಲ್ಲಿ ಹೋಗೋಣವೆಂದು ನಿರ್ಧರಿಸಲು ಅದೇ ಕಾರಣ.

ನಸುಕಿನಲ್ಲಿ ಹೊರಟು ನಸರಾಪುರದಲ್ಲಿ ಹೆದ್ದಾರಿ ಬಿಟ್ಟು, ಮಾರ್ಗಾಸನಿಯ ಮೂಲಕ ಸುಮಾರು ಎರಡು ಗಂಟೆಯಲ್ಲಿ ಗುಂಜವಣೆ ತಲುಪಿದೆವು. ಬಿಸಿ ಪೋಹೆ, ಚಹಾ ಸಿದ್ಧವಾಗಿದ್ದವು. ವಾಟಾಡ್ಯಾ ಆಗಿ ಬಂದವರು ಆ ಮನೆಯ ಮಗ. ಮೊದಲ ಹದಿನೈದು ನಿಮಿಷ ಅವರು ನಮ್ಮೆಲ್ಲರ ನಡಿಗೆಯನ್ನು ಗಮನಿಸಿ, ನಮ್ಮಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವ ಅಕ್ಕನ ಯಜಮಾನರನ್ನು ತಮ್ಮ ಹಿಂದೆಯೇ ನಿಲ್ಲಿಸಿಕೊಂಡು ವೇಗವನ್ನು ಅವರಿಗೆ ಹೊಂದಿಸಿದರು. ಕೋಟೆಯ ಕಳ್ಳ ಬಾಗಿಲಾದ ಚೋರ ದರವಾಜಾದ ಕೆಳಗಿನ ಕೊನೆಯ ಏರಿನಲ್ಲಿ, ಕಬ್ಬಿಣದ ಕಂಬಿ ಹಿಡಿದು ಬಂಡೆ ಹತ್ತಬೇಕಾದ ಕಡೆ, ಎಲ್ಲಿ ಕಾಲಿಡಬೇಕೆಂದು ಒಬ್ಬೊಬ್ಬರಿಗೂ ತೋರಿಸಿದರು. ಕೋಟೆಯ ಮಟ್ಟಸವಾದ ಚಾಚುಗಳಲ್ಲಿ (ಮಾಚಿ) ಒಂದಾದ ಸುವೇಳಾ ಮಾಚಿಯ ಕಡೆಗೆ ಹೊರಟಾಗ, ಬಂಡೆಗಳಲ್ಲಿ ಹೆಜ್ಜೇನು ಇರುತ್ತದೆ, ಗದ್ದಲ ಮಾಡಬೇಡಿ, ಸುಗಂಧದ್ರವ್ಯ ಹಾಕಿಕೊಳ್ಳಬೇಡಿ ಎಂದು ಅವರು ಎಚ್ಚರಿಸಿದ್ದು ನನಗೆ ಬಹಳ ಹಿಡಿಸಿತು.

ಶಿವಾಜಿ ಮಹಾರಾಜರ ರಾಜಧಾನಿ ರಾಯಗಡಕ್ಕೆ ಹೋಗುವ ಮೊದಲು ಎರಡು ದಶಕಗಳಿಗೂ ಹೆಚ್ಚು ಕಾಲ ಇದ್ದದ್ದು ಇಲ್ಲಿ. 2025ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಮರಾಠರ ಹನ್ನೆರಡು ಕೋಟೆಗಳಲ್ಲಿ ರಾಜಗಡವೂ ಒಂದು. ಪದ್ಮಾವತಿ ಮಾಚಿಯ ಕೆರೆಯ ದಂಡೆಯಲ್ಲಿ ಕುಳಿತು ಇವನ್ನೆಲ್ಲ ಕೇಳಿದ ಗೆಳತಿ, ಕೋಟೆಯ ಕಪ್ಪು ಕಲ್ಲನ್ನು ಕೈಯಿಂದ ಸವರಿ, ನಮ್ಮ ಬೆಟ್ಟಗಳ ಕಲ್ಲೂ ಇದೇ ಎಂದಳು. ಆಕೆಯ ಮಾತು ನಿಜ. ದಖ್ಖನ್ನಿನಂತೆಯೇ ಇಥಿಯೋಪಿಯಾದ ಎತ್ತರದ ನಾಡೂ ಲಾವಾ ಹರಿದು ಪದರಪದರವಾಗಿ ಗಟ್ಟಿಯಾದ ಬಸಾಲ್ಟಿನ ನೆಲ. ನಮ್ಮದು ಸುಮಾರು 6.6 ಕೋಟಿ ವರ್ಷ ಹಳೆಯದಾದರೆ ಅವರದು ಸುಮಾರು 3 ಕೋಟಿ ವರ್ಷದ್ದು. ರಾಜಗಡದ ನೆತ್ತಿ 1,376 ಮೀಟರ್ ಎತ್ತರದಲ್ಲಿದ್ದರೆ, ಆಕೆ ಹುಟ್ಟಿ ಬೆಳೆದ ಅಡಿಸ್ ಅಬಾಬಾ 2,300 ಮೀಟರಿಗೂ ಮೇಲಿದೆ. ನೆತ್ತಿಯ ಒಳಕೋಟೆಯಾದ ಬಾಲೆಕಿಲ್ಲೆಯ ಕಡಿದಾದ ಮೆಟ್ಟಿಲುಗಳನ್ನು ಆಕೆ ಎಲ್ಲಿಯೂ ನಿಲ್ಲದೆ ಹತ್ತಿದ್ದು ಏಕೆಂದು ನಮಗೆ ಆಗ ಅರ್ಥವಾಯಿತು.

ಆದರೆ ಈ ಸೇವೆಯ ನಿಜವಾದ ಹಿರಿಮೆ ಇರುವುದು ಕೆಳಗೆ, ಆ ಮನೆಯ ಒಲೆಯ ಬಳಿ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಜನವರಿ 7ರಂದು ಬರುವ ತಮ್ಮ ಕ್ರಿಸ್‌ಮಸ್‌ಗೆ ಮುನ್ನ ನಲವತ್ತಕ್ಕೂ ಹೆಚ್ಚು ದಿನ ವ್ರತದಲ್ಲಿರುತ್ತಾರೆ. ಮಾಂಸ ಮಾತ್ರವಲ್ಲ, ಹಾಲು, ಮಜ್ಜಿಗೆ, ತುಪ್ಪ ಯಾವುದನ್ನೂ ಮುಟ್ಟುವುದಿಲ್ಲ. ನಾವು ಫೋನಿನಲ್ಲಿ ಉಪವಾಸ ಎಂದ ಕೂಡಲೇ ಮನೆಯ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ), ಹಾಗಾದರೆ ಸಾಬೂದಾಣಿ ಖಿಚಡಿ ಮಾಡಲೇ ಎಂದು ಕೇಳಿದ್ದರು. ವಿವರಿಸಿದ ಮೇಲೆ ಎಣ್ಣೆಯಲ್ಲೇ ಒಗ್ಗರಣೆ ಹಾಕಿದ ಕಡಲೆಹಿಟ್ಟಿನ ಪಿಠ್ಲೆ, ಬದನೆಕಾಯಿ ಪಲ್ಯ, ಮೆಣಸಿನಕಾಯಿಯ ಠೇಚಾ, ಅನ್ನ, ಜೋಳದ ಮತ್ತು ನಾಚಣಿಯ (ರಾಗಿಯ) ಭಾಕರಿ, ಅಂದರೆ ರೊಟ್ಟಿ, ಮಾಡಿ, ಮಜ್ಜಿಗೆಯ ತಂಬಿಗೆಯನ್ನು ಆಕೆಯ ತಟ್ಟೆಯಿಂದ ದೂರವೇ ಇಟ್ಟಿದ್ದರು.

ಪಿಠ್ಲೆಯನ್ನು ಬಾಯಿಗಿಟ್ಟ ಗೆಳತಿ ನಮ್ಮತ್ತ ನೋಡಿ, ಇದು ಶಿರೋ ಎಂದಳು. ಕಡಲೆ ಮುಂತಾದ ಕಾಳುಗಳ ಹಿಟ್ಟಿನಿಂದ ಕುದಿಸುವ ಶಿರೋ ಅವರ ವ್ರತದ ದಿನಗಳ ಮುಖ್ಯ ಅಡುಗೆ. ವಿಜಯಪುರದಲ್ಲಿ ಝುಣಕ ತಿಂದು ಬೆಳೆದ ನನಗೆ ಅದರ ನಂಟನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಮಾವಶಿ ತಮ್ಮ ಇಳಿಜಾರು ಹೊಲದಲ್ಲಿ ಬೆಳೆದ ರಾಗಿಯನ್ನು ಬೊಗಸೆಯಲ್ಲಿ ತಂದು ತೋರಿಸಿದಾಗ, ಆಕೆ ಅದನ್ನು ಡಾಗುಸಾ ಎಂದೂ, ಜೋಳವನ್ನು ಮಾಷಿಲಾ ಎಂದೂ ಹೆಸರಿಟ್ಟು ಕರೆದಳು. ರಾಗಿ, ಜೋಳ ಎರಡೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದಲೇ ನಮ್ಮ ಕಡೆಗೆ ಬಂದ ಬೆಳೆಗಳು. ನಾಲ್ಕು ಭಾಷೆಗಳ ನಡುವೆ ಅನುವಾದ ಮಾಡುತ್ತಿದ್ದ ಅಕ್ಕನನ್ನು ಸುಮ್ಮನಿರಿಸಿ, ಮಾವಶಿ ಗೆಳತಿಯನ್ನು 'ಬಾಳ' (ಮಗು) ಎಂದು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಭಾಕರಿ ತಟ್ಟುವುದನ್ನು ಕಲಿಸಿದರು. ಒಂದೂವರೆ ವರ್ಷದಲ್ಲಿ ಈ ದೇಶದ ಒಂದು ಅಡುಗೆಮನೆಯೊಳಗೆ ತಾನು ಕುಳಿತದ್ದು ಇದೇ ಮೊದಲು ಎಂದು ಗೆಳತಿ ಹೇಳಿದಾಗ ನನಗೆ ಸಂಕಟವಾಯಿತು. ನಮ್ಮ ಮನೆಗೇ ಆಕೆಯನ್ನು ಎಂದೋ ಕರೆಯಬೇಕಿತ್ತು.

ಕೊರತೆಗಳನ್ನೂ ಹೇಳಬೇಕು. ನಮ್ಮ ಹಿಂದೆಯೇ ದೊಡ್ಡ ಗುಂಪೊಂದು ಬಂದುದರಿಂದ ಊಟ ಒಂದು ಗಂಟೆ ತಡವಾಯಿತು. ಶೌಚಾಲಯ ಒಂದೇ, ಅದೂ ಅಂಗಳದ ಆಚೆ ಇದೆ. ವಾಟಾಡ್ಯಾ ಮರಾಠಿಯಲ್ಲಿ ಮಾತ್ರ ಮಾತನಾಡುತ್ತಾರೆ, ಆದ್ದರಿಂದ ಭಾಷೆ ಬಲ್ಲವರೊಬ್ಬರು ಜೊತೆಗಿರಲೇಬೇಕು. ಊಟಕ್ಕೆ ತಲೆಗೆ 180 ರೂಪಾಯಿ, ವಾಟಾಡ್ಯಾಗೆ ದಿನಕ್ಕೆ 1,000 ರೂಪಾಯಿ ಕೊಟ್ಟೆವು. ದರವನ್ನು ಎಲ್ಲಿಯೂ ಬರೆದಿಟ್ಟಿಲ್ಲವಾದ್ದರಿಂದ ಮೊದಲೇ ಕೇಳಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು. ರಾತ್ರಿ ತಂಗುವ ಯೋಚನೆಯಿದ್ದರೆ, ವಿದೇಶಿ ಅತಿಥಿಗಳಿಗೆ ವಸತಿ ಕೊಟ್ಟವರು 24 ಗಂಟೆಗಳೊಳಗೆ ಆ ಮಾಹಿತಿಯನ್ನು ಸರ್ಕಾರಕ್ಕೆ ಸಲ್ಲಿಸಬೇಕೆಂಬ ನಿಯಮವನ್ನು ಮರೆಯಬಾರದು. ಆ ಮನೆಯವರಿಗೆ ತೊಂದರೆಯಾಗಬಾರದೆಂದು ನಾವು ಸಂಜೆಯೇ ಹೊರಟೆವು.

ಹೊರಡುವಾಗ ಮಾವಶಿ ಎರಡು ಕಿಲೋ ರಾಗಿ ಹಿಟ್ಟನ್ನು ಕಟ್ಟಿಕೊಟ್ಟು ಹಣ ಬೇಡವೆಂದರು. ಮರುವಾರ ನಮ್ಮ ಮನೆಯಲ್ಲಿ ಗೆಳತಿ ಆ ಹಿಟ್ಟನ್ನು ಮೂರು ದಿನ ಹುಳಿಗಿಟ್ಟು, ನನ್ನ ದೋಸೆಯ ಹಂಚಿನ ಮೇಲೆ ಅವರ ನಾಡಿನ ಹುಳಿ ದೋಸೆಯಂಥ ಇಂಜೆರಾ ಹುಯ್ದಳು. ಫೆಬ್ರವರಿಯಲ್ಲಿ ತೋರಣಾ ಕೋಟೆಗೆಂದು ಅದೇ ವಾಟಾಡ್ಯಾರಿಗೆ ಹೇಳಿಟ್ಟಿದ್ದೇವೆ. ಹೋಗುವ ದಾರಿಯಲ್ಲಿ ಮಾವಶಿಗೆ ಕೊಡಲು ನಾಲ್ಕು ಇಂಜೆರಾ ಮಾಡಿಕೊಂಡು ಬರುತ್ತೇನೆಂದು ಆಕೆ ಈಗಲೇ ಹೇಳಿದ್ದಾಳೆ.