ಆರು ತಂತಿ, ಐದು ಸೆಟ್, ಒಂದೇ ಗಿಟಾರ್

ಹಳೇ ತಂತಿ ಬಿಚ್ಚಿದಾಗ ಮೂರನೇ ತಂತಿಯನ್ನು ಸುಮ್ನೆ ಎಸೆಯಬೇಡಿ. ಅದರ ಅಡಿಭಾಗವನ್ನು ಬೆಳಕಿಗೆ ತಿರುಗಿಸಿ ನೋಡಿ. ಫ್ರೆಟ್ ಅನ್ನುವ ಅಡ್ಡ ಲೋಹದ ಪಟ್ಟಿ ಇದ್ದ ಜಾಗದಲ್ಲೆಲ್ಲ ಸಣ್ಣ ಸಣ್ಣ ಚಪ್ಪಟೆ ಕಚ್ಚು ಹೊಳೆಯುತ್ತವೆ. ನೀವು ಹೆಚ್ಚು ಒತ್ತಿದ ಕಡೆ ಕಚ್ಚು ಆಳ, ಅಪರೂಪಕ್ಕೆ ಮುಟ್ಟಿದ ಕಡೆ ಗೀರು ಅಷ್ಟೇ. ನನ್ನದರಲ್ಲಿ ಮೊದಲ ಮೂರು ಫ್ರೆಟ್ ಬಿಟ್ಟರೆ ಮುಂದೆ ಏನೂ ಇರಲಿಲ್ಲ. ಎಂಟು ತಿಂಗಳು ಅದೇ ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬಾರಿಸಿದ್ದಕ್ಕೆ ಸಾಕ್ಷಿ.

ಎಂಟು ತಿಂಗಳು ತಂತಿ ಬದಲಿಸದವನು ಯಾವ ತಂತಿ ಒಳ್ಳೆಯದು ಅಂತ ಬರೆಯುವುದು ತಮಾಷೆಯೇ. ಆದರೆ ಅವತ್ತು ಹೊಸ ಸೆಟ್ ಹಾಕಿ ಒಂದು ಜಿ ಕಾರ್ಡ್ ಬಾರಿಸಿದಾಗ ಬೇರೆಯವರ ಗಿಟಾರ್ ಎತ್ತಿಕೊಂಡ ಹಾಗಾಯಿತು. ಅಲ್ಲಿಂದ ಹುಚ್ಚು ಹತ್ತಿತು. ಒಂದೇ ಗಿಟಾರಿಗೆ ಐದು ಬಗೆಯ ಸೆಟ್ ಹಾಕಿದೆ, ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಆರಾರು ವಾರ ಬಾರಿಸಿದೆ. ಮೊದಲ ದಿನ, ಏಳನೇ ದಿನ, ಮೂವತ್ತನೇ ದಿನ ಅದೇ ಕುರ್ಚಿ, ಮೀಟಲು ಅದೇ ಪಿಕ್, ಅದೇ ದೂರದಲ್ಲಿ ಫೋನ್ ಇಟ್ಟು ರೆಕಾರ್ಡ್ ಮಾಡಿಕೊಂಡೆ. ಗಿಟಾರ್ ಡ್ರೆಡ್‌ನಾಟ್ ಅನ್ನುವ ದೊಡ್ಡ ಮೈಯ ಆಕಾರದ್ದು, ಮೇಲಿನ ಹಲಗೆ ಸ್ಪ್ರೂಸ್ ಮರದ್ದು, ಸ್ಕೇಲ್ ಅಂದರೆ ತಂತಿ ಕಂಪಿಸುವ ಉದ್ದ 25.4 ಇಂಚು.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಇದೆಲ್ಲ ಸ್ಟೀಲ್ ತಂತಿಯ ಗಿಟಾರಿಗೆ ಮಾತ್ರ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿಗೆ ಸ್ಟೀಲ್ ಹಾಕಬೇಡಿ. ಅದರ ಮೈ ಸುಮಾರು ಅರ್ಧದಷ್ಟು ಎಳೆತಕ್ಕೆ ಮಾಡಿದ್ದು. ತಂತಿ ಕಟ್ಟುವ ಬ್ರಿಡ್ಜ್ ಕಿತ್ತುಕೊಂಡು ಬರಬಹುದು.

ಹಿತ್ತಾಳೆಯೋ, ಕಂಚೋ

ಹೆಚ್ಚಿನವರ ಜಗಳ ಇಲ್ಲೇ ಶುರುವಾಗುತ್ತದೆ: 80/20 ಬ್ರಾಂಜ್ ಒಳ್ಳೆಯದೋ, ಫಾಸ್ಫರ್ ಬ್ರಾಂಜ್ ಒಳ್ಳೆಯದೋ? ಈ 80/20 ಅಂದರೆ 80 ಭಾಗ ತಾಮ್ರ, 20 ಭಾಗ ಸತು. ತಾಮ್ರಕ್ಕೆ ಸತು ಬೆರೆಸಿದರೆ ನಮ್ಮ ಭಾಷೆಯಲ್ಲಿ ಅದು ಹಿತ್ತಾಳೆ. ಪ್ಯಾಕೆಟ್ ಮೇಲೆ ಬ್ರಾಂಜ್ ಅಂತ ಎಷ್ಟೇ ದೊಡ್ಡದಾಗಿ ಬರೆದಿರಲಿ, ಒಳಗಿರುವುದು ಹಿತ್ತಾಳೆ. ಫಾಸ್ಫರ್ ಬ್ರಾಂಜ್‌ನಲ್ಲಿ ಸುಮಾರು 92 ಭಾಗ ತಾಮ್ರ, ಉಳಿದದ್ದು ತವರ, ಜೊತೆಗೆ ಚಿಟಿಕೆ ರಂಜಕ. ಇದು ನಿಜವಾದ ಕಂಚು. ಬಣ್ಣದಲ್ಲೂ ಗೊತ್ತಾಗುತ್ತದೆ. 80/20 ಹಳದಿ ಹೊಳಪು, ಫಾಸ್ಫರ್ ಕೆಂಪಿಗೆ ತಿರುಗಿದ ತಾಮ್ರದ ಬಣ್ಣ. ಗಿಟಾರಿಗೆ ಈ ಕಂಚನ್ನು ತಂದದ್ದು ಡಿ'ಅಡ್ಡಾರಿಯೊ ಕಂಪನಿ, 1974ರಲ್ಲಿ. ಈಗ ಎಲ್ಲಿ ನೋಡಿದರೂ ಇದೇ ಜಾಸ್ತಿ.

ಎರಡನ್ನೂ 12ರ ಗೇಜ್‌ನಲ್ಲೇ ತೆಗೆದುಕೊಂಡೆ, ದಪ್ಪದ ವ್ಯತ್ಯಾಸ ನಡುವೆ ಬರಬಾರದು ಅಂತ. ಮೊದಲ ದಿನ 80/20 ಕೇಳಿ ದಂಗಾದೆ. ಗಾಜಿನ ಲೋಟಕ್ಕೆ ಚಮಚ ತಾಗಿಸಿದ ಹಾಗೆ, ಒಂದೊಂದು ಸ್ವರವೂ ಚುರುಕು. ಎಲ್ಲ ತಂತಿ ಒಟ್ಟಿಗೆ ಸವರಿ ಸ್ಟ್ರಮ್ ಮಾಡಿದರೆ ಕೋಣೆ ತುಂಬಿ ತುಳುಕುತ್ತದೆ. ಇನ್ನು ಬೇರೇನೂ ನೋಡುವುದೇ ಬೇಡ ಅಂದುಕೊಂಡೆ. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಅಂತಾರಲ್ಲ, ಹಾಗೇ ಆಯಿತು. ಒಂಬತ್ತು, ಹತ್ತನೇ ದಿನಕ್ಕೆ ಆ ಗಾಜಿನ ದನಿ ಹೋಯಿತು. ನನ್ನ ಕೈ ಬೇರೆ ಬೆವರುವ ಕೈ.

ಫಾಸ್ಫರ್ ಬ್ರಾಂಜ್ ಮೊದಲ ದಿನ ಅಷ್ಟು ಮಿಂಚಲಿಲ್ಲ. ದನಿ ಒಂದು ಮೆಟ್ಟಿಲು ಕೆಳಗೆ ಕೂತು ಮಾತಾಡಿದ ಹಾಗಿತ್ತು. ಕಂಚಿನ ಕಂಠ ಅಂತೀವಲ್ಲ, ಅದಕ್ಕೆ ಹತ್ತಿರ. ಬೇಸ್ ತಂತಿ ಬಿಟ್ಟ ಮೇಲೂ ನಾದ ಉಳಿಯುತ್ತದೆ. ಮುಖ್ಯ ಸಂಗತಿ ಅಂದರೆ ಮೂರನೇ ವಾರದಲ್ಲೂ ಅದು ಹೆಚ್ಚುಕಮ್ಮಿ ಅದೇ ಗಿಟಾರ್ ಆಗಿತ್ತು. ಹಾಡುವಾಗ ನನ್ನ ದನಿಯ ಮೇಲೆ ಹತ್ತಿ ಕೂರಲೂ ಇಲ್ಲ.

ಈ ಜಗಳದಲ್ಲಿ ಯಾರೂ ಹೇಳದ ಒಂದು ಮಾತಿದೆ. ಎರಡೂ ಸೆಟ್‌ನಲ್ಲಿ ಮೊದಲ ಎರಡು, ಅಂದರೆ ಅತಿ ತೆಳುವಾದ, ತಂತಿ ಬರೀ ಸ್ಟೀಲ್. ಅದರ ಮೇಲೆ ಬೇರೆ ಲೋಹದ ಸುತ್ತೇ ಇಲ್ಲ. ಹಿತ್ತಾಳೆ, ಕಂಚಿನ ಮಾತೆಲ್ಲ ಸುತ್ತು ಇರುವ ಉಳಿದ ನಾಲ್ಕಕ್ಕೆ ಮಾತ್ರ. "ಫಾಸ್ಫರ್ ಹಾಕಿದ ಮೇಲೆ ನನ್ನ ಮೊದಲ ತಂತಿ ಎಷ್ಟು ಮೃದು ಆಯ್ತು ಗೊತ್ತಾ" ಅಂತ ಯಾರಾದರೂ ಅಂದರೆ ನಕ್ಕು ಸುಮ್ಮನಿರಿ.

ನನ್ನ ಜಂಬ ಇಳಿದದ್ದು ತಂಗಿಯಿಂದ. ರೆಕಾರ್ಡಿಂಗ್‌ಗಳ ಹೆಸರು ಅಳಿಸಿ, ಹಿಂದುಮುಂದು ಮಾಡಿ, ನನ್ನನ್ನು ಗೋಡೆಗೆ ಮುಖ ಮಾಡಿ ಕೂರಿಸಿ ಕೇಳಿಸಿದಳು. ಮೊದಲ ದಿನದ ಹತ್ತು ತುಣುಕಿನಲ್ಲಿ ಒಂಬತ್ತನ್ನು ಸರಿಯಾಗಿ ಹೇಳಿದೆ. ಎದೆ ಉಬ್ಬಿತು. ಆಮೇಲೆ ಮೂವತ್ತನೇ ದಿನದ ಹತ್ತು. ಸರಿ ಬಂದದ್ದು ಐದು. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು ಅಲ್ವಾ! ಹಳೇ ಹಿತ್ತಾಳೆ, ಹಳೇ ಕಂಚು ಎರಡೂ ನನ್ನ ಕಿವಿಗೆ ಒಂದೇ. ಆದರೆ ಹೊಸ ತಂತಿ ಯಾವುದು, ಹಳೆಯದು ಯಾವುದು ಅನ್ನುವುದನ್ನು ಒಂದು ಸಲವೂ ತಪ್ಪಲಿಲ್ಲ. ತಂಗಿಗೆ ಗಿಟಾರ್ ಬರುವುದಿಲ್ಲ, ಅವಳಿಗೂ ಅದು ಗೊತ್ತಾಯಿತು.

12ರಿಂದ 11ಕ್ಕೆ ಇಳಿದಾಗ

ಗೇಜ್ ಅಂದರೆ ಮೊದಲ ತಂತಿಯ ದಪ್ಪ, ಇಂಚಿನ ಸಾವಿರದ ಭಾಗದಲ್ಲಿ. 12 ಅಂದರೆ 0.012 ಇಂಚು, ಮಿಲಿಮೀಟರ್ ಲೆಕ್ಕದಲ್ಲಿ 0.3. ಈ 12ರ ಸೆಟ್‌ಗೆ ಲೈಟ್ ಅಂತ ಹೆಸರು. 11ಕ್ಕೆ ಕಸ್ಟಮ್ ಲೈಟ್, 10ಕ್ಕೆ ಎಕ್ಸ್‌ಟ್ರಾ ಲೈಟ್, 13ಕ್ಕೆ ಮೀಡಿಯಂ. ಲೈಟ್ ಅಂತ ಹೆಸರಿದ್ದರೂ 12ರ ಸೆಟ್ ಪೂರ್ತಿ ಶ್ರುತಿಗೆ ಬಂದಾಗ ಕುತ್ತಿಗೆಯನ್ನು ಸುಮಾರು 160 ಪೌಂಡ್ ಬಲದಲ್ಲಿ ಎಳೆಯುತ್ತಿರುತ್ತದೆ. ಒಬ್ಬ ದೊಡ್ಡ ಮನುಷ್ಯ ಹಗಲೂ ರಾತ್ರಿ ನೇತಾಡುತ್ತಿದ್ದಾನೆ ಅಂದುಕೊಳ್ಳಿ.

ಒಂದು ನಂಬರ್ ಇಳಿದರೆ ಏನು ಮಹಾ ಅನ್ನಿಸಬಹುದು. ಅದೇ ಉದ್ದ, ಅದೇ ಸ್ವರಕ್ಕೆ ಬೇಕಾದ ಎಳೆತ ದಪ್ಪದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. 11ನ್ನು 12ರಿಂದ ಭಾಗಿಸಿ ವರ್ಗ ಮಾಡಿದರೆ 0.84. ಅಂದರೆ ಮೊದಲ ತಂತಿಯ ಎಳೆತ ಶೇಕಡಾ 16ರಷ್ಟು ಕಮ್ಮಿ. 10ಕ್ಕೆ ಇಳಿದರೆ ಶೇಕಡಾ 30ರಷ್ಟು. ಬೆರಳಿಗೆ ಇದು ತಕ್ಷಣ ಗೊತ್ತಾಗುತ್ತದೆ. 12ರಲ್ಲಿ, ತೋರುಬೆರಳಿಂದ ಎಲ್ಲ ತಂತಿ ಒತ್ತುವ ಎಫ್ ಬಾರ್ ಕಾರ್ಡ್ ಹಿಡಿದು ಎರಡನೇ ಸಾಲಿಗೆ ಬರುವಷ್ಟರಲ್ಲಿ ನನ್ನ ಹೆಬ್ಬೆರಳಿನ ಬುಡ ನೋಯುತ್ತಿತ್ತು. 11ರಲ್ಲಿ ಹಾಡು ಮುಗಿಯುವವರೆಗೂ ನೋವಿನ ನೆನಪೇ ಬರಲಿಲ್ಲ.

ಹಾಗಾದರೆ ನಷ್ಟ ಎಲ್ಲಿ? ಎರಡೂ ಪ್ಯಾಕೆಟ್ ಪಕ್ಕಪಕ್ಕ ಇಟ್ಟು ಹಿಂಬದಿಯ ಅಂಕಿ ಓದಿದಾಗ ಅರ್ಥವಾಯಿತು. ಡಿ'ಅಡ್ಡಾರಿಯೊದ 12ರ ಸೆಟ್: 12, 16, 24, 32, 42, 53. ಅವರದೇ 11ರ ಸೆಟ್: 11, 15, 22, 32, 42, 52. ನೋಡಿದಿರಾ? ನಾಲ್ಕನೇ, ಐದನೇ ತಂತಿ ಎರಡರಲ್ಲೂ ಒಂದೇ. ಆರನೆಯದು ಕೂದಲೆಳೆಯಷ್ಟು ಕಮ್ಮಿ. ಇಳಿದದ್ದೆಲ್ಲ ಮೇಲಿನ ಮೂರು ತಂತಿ. ಬೇಸ್ ಹಾಗೇ ಉಳಿದು ಮೇಲಿನ ದನಿ ಮಾತ್ರ ತೆಳುವಾದರೆ ತಕ್ಕಡಿ ವಾಲುತ್ತದೆ. ಸ್ಟ್ರಮ್ ಮಾಡಿದಾಗ ಅಷ್ಟಾಗಿ ಗೊತ್ತಾಗಲಿಲ್ಲ. ಒಂಟಿ ತಂತಿಯಲ್ಲಿ ರಾಗ ನುಡಿಸಿದಾಗ ಮಾತ್ರ ಮೊದಲ ತಂತಿ ಮೂಗಿನಲ್ಲಿ ಹಾಡಿದ ಹಾಗೆ ಕೇಳಿಸಿತು. ಆದರೆ ಮೂರನೇ ತಂತಿಯಲ್ಲಿ ಗಮಕ ಎಳೆಯುವುದಕ್ಕೆ 11ರ ಸುಖವೇ ಬೇರೆ. 12ರಲ್ಲಿ ಅರ್ಧ ಸ್ವರ ಎಳೆಯಲು ಮೂರು ಬೆರಳು ಸೇರಿಸುತ್ತಿದ್ದೆ.

ಇನ್ನೊಂದು ತಾಪತ್ರಯ ನಾನು ಎಣಿಸಿರಲಿಲ್ಲ. ಎಳೆತ ಕಮ್ಮಿಯಾದ ಎರಡು ದಿನಕ್ಕೆ ಕುತ್ತಿಗೆ ಹಿಂದಕ್ಕೆ ಸರಿದು ನೆಟ್ಟಗಾಯಿತು. ಮೊದಲ ಎರಡು ಫ್ರೆಟ್‌ನಲ್ಲಿ ಜಿರ್ ಅಂತ ಸದ್ದು ಶುರುವಾಯಿತು. ತಂತಿಯೇ ಕೆಟ್ಟದ್ದು ಅಂತ ಬೈದುಕೊಂಡೆ. ಕುತ್ತಿಗೆಯೊಳಗಿನ ಲೋಹದ ಸರಳು, ಟ್ರಸ್ ರಾಡನ್ನು ಕಾಲು ಸುತ್ತು ಸಡಿಲ ಮಾಡಿದ ಮೇಲೆ ಸದ್ದು ಹೋಯಿತು. ದಪ್ಪ ತಂತಿಗೆ ಹೋದಾಗ ಇದರ ಉಲ್ಟಾ. ಕುತ್ತಿಗೆ ಮುಂದಕ್ಕೆ ಬಾಗಿ ಆಕ್ಷನ್, ಅಂದರೆ ಫ್ರೆಟ್ ಮೇಲೆ ತಂತಿಯ ಎತ್ತರ, ಏರುತ್ತದೆ, ಕುತ್ತಿಗೆಯ ತುದಿಯ ಪಟ್ಟಿ ನಟ್‌ನ ಕಚ್ಚಿನಲ್ಲಿ ತಂತಿ ಸಿಕ್ಕಿಕೊಂಡು ಟ್ಯೂನ್ ಮಾಡುವಾಗ ಟಿಂಗ್ ಅಂತ ಹಾರುತ್ತದೆ. ಹಾಗಾಗಿ ಗೇಜ್ ಬದಲಿಸಿದ ಮೊದಲ ದಿನವೇ ತೀರ್ಪು ಕೊಡಬೇಡಿ.

ಅಂಗಿ ತೊಟ್ಟ ತಂತಿ

ಸುತ್ತಿದ ತಂತಿ ಮಂಕಾಗುವುದು ಬರೀ ತುಕ್ಕಿನಿಂದಲ್ಲ. ಸುತ್ತು ಸುತ್ತಿನ ನಡುವಿನ ಸಂದಿಯಲ್ಲಿ ಬೆವರು, ಜಿಡ್ಡು, ಸತ್ತ ಚರ್ಮ ಸೇರಿಕೊಂಡು ತಂತಿಯ ಕಂಪನವನ್ನು ಹಿಡಿದಿಡುತ್ತವೆ. ಹಳೇ ತಂತಿಯ ಮೇಲೆ ಬೆರಳು ಎಳೆದರೆ ಕಪ್ಪುಹಸಿರು ಮಸಿ ಹತ್ತುವುದು ಅದೇ. ಈ ಸಂದಿಯನ್ನೇ ಮುಚ್ಚುವ ಹಾಗೆ ತೆಳುವಾದ ಪ್ಲಾಸ್ಟಿಕ್ ಪದರ ಹೊದಿಸಿದರೆ? ಎಲಿಕ್ಸಿರ್ ತಂತಿಗಳು ಬಂದದ್ದು ಹೀಗೆ, 1990ರ ದಶಕದ ಕೊನೆಗೆ. ಮಾಡಿದವರು ಗೋರ್ ಕಂಪನಿಯವರು, ಮಳೆ ಕೋಟಿನ ಗೋರ್‌ಟೆಕ್ಸ್ ಬಟ್ಟೆ ಮಾಡುವವರೇ. ಈಗ ಇಂಥ ತಂತಿಯನ್ನು ಹಲವರು ಮಾಡುತ್ತಾರೆ.

ನಾನು ಹಾಕಿದ್ದು ಒಂದು ಕೋಟೆಡ್ ಫಾಸ್ಫರ್ ಬ್ರಾಂಜ್, 12ರದ್ದು. ಬೆರಳಿಗೆ ಸಿಕ್ಕಿದ ಮೊದಲ ಅನುಭವ ಜಾರು. ಕಾರ್ಡ್ ಬದಲಿಸುವಾಗ ಕೀಚ್ ಅನ್ನುವ ಸದ್ದು ಅರ್ಧಕ್ಕರ್ಧ ಹೋಯಿತು. ರೆಕಾರ್ಡ್ ಮಾಡುವವರಿಗೆ ಇದೊಂದೇ ಸಾಕು, ಕೊಳ್ಳಲಿಕ್ಕೆ. ಮೊದಲ ದಿನದ ದನಿ ಮಾತ್ರ ಬರಿಮೈ ತಂತಿಗಿಂತ ಒಂದು ಕೂದಲು ಮಂಕು, ಕಿಟಕಿಗೆ ತೆಳು ಪರದೆ ಎಳೆದ ಹಾಗೆ. ಮೂವತ್ತನೇ ದಿನ? ಅದೇ ಪರದೆ, ಅದಕ್ಕಿಂತ ಹೆಚ್ಚಿಲ್ಲ. ಆರನೇ ವಾರದಲ್ಲೂ ಶ್ರುತಿ ಚೊಕ್ಕವಾಗಿ ನಿಂತಿತ್ತು. ಆ ಹೊತ್ತಿಗೆ ಪಿಕ್ ತಾಗುವ ಜಾಗದಲ್ಲಿ ಪದರ ಕಿತ್ತು ಬಿಳಿ ಜುಂಗು ಎದ್ದಿತ್ತು. ನೋಡಲು ಚೆನ್ನಾಗಿಲ್ಲ, ಆದರೆ ದನಿಗೆ ಏನೂ ಆಗಿರಲಿಲ್ಲ.

ಕೋಟಿಂಗ್ ಇದ್ದರೆ ತಂತಿ ಹರಿಯುವುದಿಲ್ಲ ಅನ್ನುವುದು ಸುಳ್ಳು. ನನ್ನದರಲ್ಲಿ ಮೊದಲ ತಂತಿ ಹಾಕುವಾಗಲೇ ಟಪ್ ಅಂತ ಹೋಯಿತು. ತಪ್ಪು ನನ್ನದೇ. ಟ್ಯೂನರ್ ಕಂಬದ ಹತ್ತಿರ ಮುರಿದು ಮಡಚಿದ್ದೆ.

ರೇಷ್ಮೆ, ಮತ್ತೆ ಒಂದು ಅರ್ಧ ಗಂಟೆ

ಸಿಲ್ಕ್ ಅಂಡ್ ಸ್ಟೀಲ್ ಅಂತ ಒಂದಿದೆ. ಒಳಗಿನ ಸ್ಟೀಲ್ ಎಳೆಗೂ ಹೊರಗಿನ ಸುತ್ತಿಗೂ ನಡುವೆ ರೇಷ್ಮೆಯಂಥ ನೂಲು, ಮೇಲೆ ಬೆಳ್ಳಿ ಲೇಪಿಸಿದ ತಾಮ್ರ. ಎಳೆತ ಕಮ್ಮಿ, ಬೆರಳಿಗೆ ಬೆಣ್ಣೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಉಗುರಿಲ್ಲದ ಬೆರಳಲ್ಲಿ ಮೀಟುತ್ತಿದ್ದರೆ ಇದಕ್ಕಿಂತ ಇಂಪು ಇನ್ನೊಂದಿಲ್ಲ ಅನ್ನಿಸಿತು. ಬೆಳಿಗ್ಗೆ ಪಿಕ್ ಹಿಡಿದು ಸ್ಟ್ರಮ್ ಮಾಡಿದೆ. ಹೊದಿಕೆಯೊಳಗಿಂದ ಕೂಗಿದ ಹಾಗೆ ಸಪ್ಪೆ. ಜೋರಾಗಿ ಬಾರಿಸಿದಷ್ಟೂ ತಂತಿ ಒದ್ದಾಡುತ್ತದೆ, ದನಿ ಏರುವುದಿಲ್ಲ. ಆರು ವಾರ ಅಂದುಕೊಂಡಿದ್ದೆ, ಮೂರಕ್ಕೇ ಬಿಚ್ಚಿದೆ. ಹಳೆಯ, ಮೈ ಬಡಕಲಾದ ಗಿಟಾರ್ ಇದ್ದರೆ ಮಾತ್ರ ಇದನ್ನು ಹುಡುಕಿಕೊಂಡು ಹೋಗುತ್ತೇನೆ.

ಮೊನೆಲ್ ಅನ್ನುವ ನಿಕ್ಕೆಲ್-ತಾಮ್ರದ ಮಿಶ್ರಲೋಹದ ತಂತಿಯನ್ನು ಗೆಳೆಯನ ಗಿಟಾರಿನಲ್ಲಿ ಅರ್ಧ ಗಂಟೆ ಬಾರಿಸಿದೆ. ಮಾರ್ಟಿನ್ ಕಂಪನಿಯ ರೆಟ್ರೊ. ಒಣ ದನಿ, ಮರದ ಸದ್ದು ಜಾಸ್ತಿ, ಮಿಂಚು ಕಮ್ಮಿ. ಹಾಕಿ ನಾಲ್ಕು ತಿಂಗಳಾಯಿತು ಅಂದ, ನಂಬುವುದು ಕಷ್ಟವಾಯಿತು. ಅರ್ಧ ಗಂಟೆಗೆ ಇದಕ್ಕಿಂತ ಜಾಸ್ತಿ ಹೇಳುವುದು ನ್ಯಾಯವಲ್ಲ.

ಈಗ ಯಾವುದು ಹಾಕಿದ್ದೀಯ ಅಂತ ಕೇಳಿದರೆ: ಬರಿಮೈ ಫಾಸ್ಫರ್ ಬ್ರಾಂಜ್, 12. ನಾನು ಹಾಡಿಕೊಂಡು ಸ್ಟ್ರಮ್ ಮಾಡುವವನು, ಗಮಕ ಅಪರೂಪ. ಕಲಿಯಲು ಶುರು ಮಾಡಿದವರಿಗೆ, ಬೆರಳು ಇನ್ನೂ ಜಡ್ಡುಗಟ್ಟದವರಿಗೆ ಹಿಂದೆಮುಂದೆ ನೋಡದೆ 11 ಅನ್ನುತ್ತೇನೆ. ಗಿಟಾರನ್ನು ವಾರಕ್ಕೊಮ್ಮೆ ಮುಟ್ಟುವವರು, ತಂತಿ ಬದಲಿಸಲು ಸೋಮಾರಿಗಳು ಕೋಟೆಡ್ ಹಾಕಿಕೊಳ್ಳಲಿ. ಬದಲಿಸುವ ಕೆಲಸವೇ ಇಷ್ಟ ಅನ್ನುವವರು ಕೆಲವರಿದ್ದಾರೆ, 80/20 ಅವರದ್ದು. ನಾಳೆ ಕಾರ್ಯಕ್ರಮ ಇದೆ ಅಂದರೆ ನಾನೂ ಇವತ್ತು ರಾತ್ರಿ 80/20 ಹಾಕಿಯೇನು.

ಬಾರಿಸಿ ಮುಗಿದ ಮೇಲೆ ಒಣ ಬಟ್ಟೆಯಿಂದ ತಂತಿಯನ್ನು ಮೇಲೂ ಕೆಳಗೂ ಒರೆಸುತ್ತೇನೆ, ಈಗೀಗ ಕೈ ತೊಳೆದೇ ಗಿಟಾರ್ ಎತ್ತುತ್ತೇನೆ. ಸದ್ಯದ ಸೆಟ್ ಹಾಕಿ ಹದಿನೇಳು ದಿನ ಆಯಿತು. ತಾರೀಕನ್ನು ಪೆನ್ಸಿಲ್‌ನಲ್ಲಿ ಖಾಲಿ ಪ್ಯಾಕೆಟ್ ಮೇಲೆ ಬರೆದು ಕೇಸಿನೊಳಗೆ ಇಟ್ಟಿದ್ದೇನೆ. ಹಾಗೆ ಬರೆಯಬೇಕು ಅಂದವಳು ತಂಗಿ.