ಪ್ರೀ-ಮೆಡ್ ಸಲಹಾ ಕೇಂದ್ರ: ಒಬ್ಬ ಪೋಷಕರ ವಿಮರ್ಶೆ

ನನ್ನ ಮಗಳು ಓದುತ್ತಿರುವ ಅಮೆರಿಕದ ವಿಶ್ವವಿದ್ಯಾಲಯದಲ್ಲಿ, ಮೆಡಿಕಲ್ ಸ್ಕೂಲ್ ಸೇರಬಯಸುವವರಿಗಾಗಿಯೇ ಒಂದು ಸಲಹಾ ಕೇಂದ್ರವಿದೆ. ಅದಕ್ಕೆ ಪ್ರತ್ಯೇಕ ಶುಲ್ಕವಿಲ್ಲ. ಖಾಸಗಿ ಸಲಹೆಗಾರರಿಗೆ ಹಣ ತೆರುವ ಮೊದಲು ಇಂಥ ಕೇಂದ್ರವನ್ನು ಪೂರ್ತಿಯಾಗಿ ಬಳಸಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಇದರ ಬೆಲೆ ನಮಗೆ ತಿಳಿದದ್ದು ಆರ್ಗ್ಯಾನಿಕ್ ಕೆಮಿಸ್ಟ್ರಿಯ ವಿಷಯದಲ್ಲಿ. ಅದರ ಮೊದಲ ಸೆಮಿಸ್ಟರಿನಲ್ಲಿ ಮಗಳಿಗೆ 'ಸಿ' ಗ್ರೇಡ್ ಬಂದಿತ್ತು. ಅದೇ ಕೋರ್ಸನ್ನು ಮತ್ತೊಮ್ಮೆ ಓದಿದರೆ ಹಳೆಯ ಗ್ರೇಡ್ ಅಳಿಸಿಹೋಗುತ್ತದೆಂದು ಸಹಪಾಠಿಗಳು ಹೇಳಿದ್ದರು. ಸಲಹೆಗಾರ್ತಿಯವರು ಅವಳ ಅಂಕಪಟ್ಟಿಯನ್ನು ಎದುರಿಗಿಟ್ಟುಕೊಂಡು, ವಿಶ್ವವಿದ್ಯಾಲಯ ಹಳೆಯ ಗ್ರೇಡನ್ನು ಬಿಟ್ಟರೂ ಮೆಡಿಕಲ್ ಸ್ಕೂಲುಗಳ ಪರವಾಗಿ ಅರ್ಜಿ ಸ್ವೀಕರಿಸುವ ಆಮ್ಕಾಸ್ ವ್ಯವಸ್ಥೆ ಎರಡನ್ನೂ ಲೆಕ್ಕಕ್ಕೆ ಹಿಡಿಯುತ್ತದೆ, ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ ಮತ್ತು ಗಣಿತಗಳ ಸರಾಸರಿ ಗ್ರೇಡನ್ನು (ಜಿಪಿಎ) ಬೇರೆಯಾಗಿಯೂ ತೋರಿಸುತ್ತದೆ ಎಂದು ವಿವರಿಸಿ, ಎರಡೂ ದಾರಿಗಳ ಲೆಕ್ಕವನ್ನು ಪೆನ್ಸಿಲ್ಲಿನಲ್ಲಿ ಅಂಚಿನಲ್ಲೇ ಬರೆದು ತೋರಿಸಿದರು. ಹಳೆಯದನ್ನೇ ಮತ್ತೆ ಓದುವ ಬದಲು ಎರಡನೆಯ ಸೆಮಿಸ್ಟರಿನಲ್ಲೂ ಬಯೋಕೆಮಿಸ್ಟ್ರಿಯಲ್ಲೂ ಚೆನ್ನಾಗಿ ಮಾಡುವುದೇ ಮೇಲೆಂಬುದು ಅವರ ಸಲಹೆಯಾಗಿತ್ತು.

ಮೆಡಿಕಲ್ ಸ್ಕೂಲಿನ ಪ್ರವೇಶ ಪರೀಕ್ಷೆಯಾದ ಎಮ್‌ಕ್ಯಾಟ್ ವಿಷಯದಲ್ಲಿ ಅವರು ಇನ್ನೂ ನಿಷ್ಠುರವಾಗಿದ್ದರು. 472ರಿಂದ 528ರವರೆಗಿನ ಅಂಕಮಾಪನದ, ವಿರಾಮಗಳೂ ಸೇರಿ ಸುಮಾರು ಏಳೂವರೆ ತಾಸಿನ ಈ ಪರೀಕ್ಷೆಯನ್ನು 'ಒಮ್ಮೆ ಬರೆದು ನೋಡೋಣ' ಎಂದು ಬರೆಯುವಂತಿಲ್ಲ. ಪಡೆದ ಅಂಕಗಳೆಲ್ಲ ಕಾಲೇಜುಗಳ ಕಣ್ಣಿಗೆ ಬೀಳುತ್ತವೆ. ಅಭ್ಯಾಸ ಪರೀಕ್ಷೆಗಳ ಅಂಕ ಒಂದು ಮಟ್ಟದಲ್ಲಿ ನಿಲ್ಲದಿದ್ದುದನ್ನು ಕಂಡು, ಅರ್ಜಿಯನ್ನೇ ಒಂದು ವರ್ಷ ಮುಂದೂಡುವಂತೆ ಹೇಳಿದರು. ಆ ಮಾತು ಮನೆಯಲ್ಲಿ ಯಾರಿಗೂ ರುಚಿಸಲಿಲ್ಲವಾದರೂ, ಮುಖ ನೋಡಿ ಮಾತಾಡದ ಇಂಥ ಸಲಹೆಯೇ ವಿದ್ಯಾರ್ಥಿಗೆ ಬೇಕಾದದ್ದು ಎಂದು ನಾನು ಭಾವಿಸುತ್ತೇನೆ. ಅರ್ಜಿಯಲ್ಲಿನ ಸ್ವವಿವರ ಪ್ರಬಂಧಕ್ಕೆ ಇರುವ ಮಿತಿ 5,300 ಅಕ್ಷರಗಳು. ಮಗಳು ಅದರಲ್ಲಿ ತುಂಬಿದ್ದ ಸಾಧನೆಗಳ ಪಟ್ಟಿಯನ್ನು ಹೊಡೆದುಹಾಕಿ, ವೃದ್ಧಾಶ್ರಮದಲ್ಲಿ ಅವಳು ಊಟ ಮಾಡಿಸುತ್ತಿದ್ದ ಒಬ್ಬ ಅಜ್ಜಿಯ ಬಗ್ಗೆ ಮಾತ್ರ ಬರೆಯಿಸಿದರು.

ಕೊರತೆಗಳೂ ಸಣ್ಣವಲ್ಲ. ಅರ್ಜಿ ಸಲ್ಲಿಕೆ ಶುರುವಾಗುವುದು ಮೇ ಕೊನೆಯ ಹೊತ್ತಿಗೆ. ಹೆಚ್ಚಿನ ಕಾಲೇಜುಗಳು ಅರ್ಜಿಗಳನ್ನು ಬಂದ ಹಾಗೆಲ್ಲ ಪರಿಶೀಲಿಸುವುದರಿಂದ ತಡವಾದಷ್ಟೂ ನಷ್ಟ. ಅಂಥ ವಸಂತಕಾಲದಲ್ಲೇ ಇಲ್ಲಿ ಭೇಟಿಯ ಸಮಯ ಸಿಗುವುದು ಕಷ್ಟ. ವಿಶ್ವವಿದ್ಯಾಲಯದ ಸಮಿತಿ ಕೊಡುವ ಶಿಫಾರಸು ಪತ್ರಕ್ಕೆ ತಿಂಗಳುಗಳ ಮೊದಲೇ ಹೆಸರು ಕೊಡಬೇಕೆಂಬ ನಿಯಮವನ್ನು ಮೊದಲ ವರ್ಷದವರಿಗೆ ಯಾರೂ ಹೇಳುವುದಿಲ್ಲ. ನನಗೆ ಹೆಚ್ಚು ನೋವಾದದ್ದು ಪರೀಕ್ಷೆ ಮತ್ತು ಅರ್ಜಿಯ ಶುಲ್ಕ ವಿನಾಯಿತಿಯ ವಿಚಾರದಲ್ಲಿ. ಕಡಿಮೆ ಆದಾಯದ ಕುಟುಂಬಗಳಿಗೆ ವೈದ್ಯಕೀಯ ಕಾಲೇಜುಗಳ ಸಂಘವೇ ನೀಡುವ ಈ ನೆರವು, ಕಟ್ಟಿಬಿಟ್ಟ ಶುಲ್ಕಕ್ಕೆ ಅನ್ವಯಿಸುವುದಿಲ್ಲ. ಆದರೆ ಕೇಂದ್ರದವರು ಇದನ್ನು ಕೇಳಿದವರಿಗಷ್ಟೇ ತಿಳಿಸುತ್ತಾರೆ. ಕೇಳಬೇಕೆಂದು ಗೊತ್ತಿಲ್ಲದ ಮಕ್ಕಳು ಪೂರ್ತಿ ಹಣ ಕಟ್ಟಿ ಬರುತ್ತಾರೆ. ಮೊದಲ ಭೇಟಿಯಲ್ಲೇ ಎಲ್ಲರಿಗೂ ಇದನ್ನು ತಿಳಿಸುವ ಏರ್ಪಾಡು ಆಗಬೇಕೆಂದು ನಾನು ಕೇಂದ್ರಕ್ಕೆ ಬರೆದು ಕೇಳಿದ್ದೇನೆ.