2032 ಮಿ.ಮೀ. ಸಂಗಮದೂರದಲ್ಲಿ ಆಫ್-ಆಕ್ಸಿಸ್ ಗೈಡರ್: ದೀರ್ಘ ಬಳಕೆಯ ನಂತರ

ನನ್ನ 8 ಇಂಚಿನ, ಎಫ್/10 ಶ್ಮಿಟ್-ಕ್ಯಾಸೆಗ್ರೇನ್ ದೂರದರ್ಶಕಕ್ಕೆ ಆಫ್-ಆಕ್ಸಿಸ್ ಗೈಡರ್ (ಅದೇ ದೂರದರ್ಶಕದ ಬೆಳಕಿನ ಅಂಚನ್ನು ಪುಟ್ಟ ಪ್ರಿಸಂ ಮೂಲಕ, ನಕ್ಷತ್ರವೊಂದನ್ನು ಗಮನಿಸುವ ಗೈಡ್ ಕ್ಯಾಮೆರಾಗೆ ತಿರುಗಿಸುವ ಸಾಧನ) ಜೋಡಿಸಿ ಕೆಲವು ವರ್ಷಗಳೇ ಆಗಿವೆ. ಅದಕ್ಕೂ ಮುಂಚೆ ಅದೇ ಕೆಲಸಕ್ಕೆ ಕೊಳವೆಯ ಮೇಲೆ ಗೈಡ್ ಸ್ಕೋಪ್ ಎಂಬ ಚಿಕ್ಕ ಪ್ರತ್ಯೇಕ ದೂರದರ್ಶಕ ಇತ್ತು. ಆಗ, ಗೈಡ್ ನಕ್ಷತ್ರದ ಸರಿತ ಅಳೆದು ಮೌಂಟನ್ನು (ದೂರದರ್ಶಕವನ್ನು ಹೊತ್ತು ತಿರುಗಿಸುವ ಆಧಾರ) ತಿದ್ದುವ ಪಿಎಚ್‌ಡಿ2 ತಂತ್ರಾಂಶದ ಗ್ರಾಫ್ ಬಹಳ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಆದರೆ 5 ನಿಮಿಷದ ಚಿತ್ರಗಳಲ್ಲಿ ನಕ್ಷತ್ರಗಳೆಲ್ಲ ಒಂದೇ ದಿಕ್ಕಿಗೆ ಉದ್ದವಾಗಿರುತ್ತಿದ್ದವು. ಈಗ ಗ್ರಾಫ್ ಮೊದಲಿಗಿಂತ ಒರಟಾಗಿದೆ, ನಕ್ಷತ್ರಗಳು ದುಂಡಗಿವೆ.

ಕಾರಣ ಸರಳ ಲೆಕ್ಕದಲ್ಲಿದೆ. 200 ಮಿ.ಮೀ. ಅಂತರದ ಎರಡು ಉಂಗುರಗಳಲ್ಲಿ ಕೂತ ಗೈಡ್ ಸ್ಕೋಪಿನ ಒಂದು ತುದಿ 1 ಮೈಕ್ರಾನ್‌ನಷ್ಟು ಕುಸಿದರೂ ಅದರ ದೃಷ್ಟಿ ಸುಮಾರು 1 ಆರ್ಕ್ ಸೆಕೆಂಡ್ (ಡಿಗ್ರಿಯ 3600ನೇ ಒಂದು ಭಾಗ) ಸರಿಯುತ್ತದೆ. ತಂತ್ರಾಂಶವು ಆ ಸರಿತವನ್ನು ಮೌಂಟಿನ ದೋಷವೆಂದೇ ಭಾವಿಸಿ ಇಡೀ ದೂರದರ್ಶಕವನ್ನು ಅತ್ತ ತಳ್ಳುತ್ತದೆ. 2032 ಮಿ.ಮೀ. ಸಂಗಮದೂರದಲ್ಲಿ 1 ಆರ್ಕ್ ಸೆಕೆಂಡ್ ಎಂದರೆ ಸೆನ್ಸರಿನ ಮೇಲೆ ಸುಮಾರು 10 ಮೈಕ್ರಾನ್, ಅಂದರೆ 3.76 ಮೈಕ್ರಾನ್ ಪಿಕ್ಸೆಲ್‌ನ ಕ್ಯಾಮೆರಾದಲ್ಲಿ ಎರಡೂವರೆ ಪಿಕ್ಸೆಲ್‌ಗೂ ಹೆಚ್ಚು. ಇದರ ಜೊತೆಗೆ ಈ ಬಗೆಯ ದೂರದರ್ಶಕದಲ್ಲಿ ಫೋಕಸ್ ಮಾಡಲು ಮುಖ್ಯ ದರ್ಪಣವೇ ಚಲಿಸುವುದರಿಂದ ಅದು ತುಸು ವಾಲುತ್ತಿರುತ್ತದೆ, ಪಕ್ಕದ ಗೈಡ್ ಸ್ಕೋಪಿಗೆ ಅದರ ಸುಳಿವೇ ಇರುವುದಿಲ್ಲ. ಆಫ್-ಆಕ್ಸಿಸ್ ಗೈಡರ್ ಅದೇ ದರ್ಪಣದಿಂದ ಬಂದ ಬೆಳಕಿನ ಅಂಚನ್ನು ತೆಗೆದುಕೊಳ್ಳುವುದರಿಂದ ನಿಧಾನದ ವಾಲಿಕೆಯನ್ನೂ ಸರಿಪಡಿಸುತ್ತದೆ. ದರ್ಪಣ ಒಮ್ಮೆಗೇ ಜರುಗಿದರೆ ಮಾತ್ರ ಆ ಒಂದು ಚಿತ್ರ ಹಾಳಾದಂತೆಯೇ.

ಜೋಡಣೆಗೆ ತಾಳ್ಮೆ ಬೇಕು. ಪ್ರಿಸಂ ಇರುವ ಕಡ್ಡಿಯನ್ನು ಒಳಕ್ಕೆ ಇಳಿಸಿದಷ್ಟೂ ಗೈಡ್ ಕ್ಯಾಮೆರಾಗೆ ಒಳ್ಳೆಯ ನಕ್ಷತ್ರಗಳು ಸಿಗುತ್ತವೆ, ಆದರೆ ಒಂದು ಹಂತದ ನಂತರ ಅದರ ನೆರಳು ಮುಖ್ಯ ಸೆನ್ಸರಿನ ಅಂಚಿಗೆ ಬೀಳುತ್ತದೆ. ಫ್ಲಾಟ್ ಚಿತ್ರ (ಸಮನಾದ ಬೆಳಕಿನ ಮೇಲ್ಮೈಯ ಚಿತ್ರ) ತೆಗೆದು ನೋಡುತ್ತಾ, ನೆರಳು ಕಂಡೊಡನೆ ಕೂದಲೆಳೆಯಷ್ಟು ಮೇಲೆತ್ತಿ ತಿರುಪು ಬಿಗಿಯುವುದು ನನ್ನ ಕ್ರಮ. ನನ್ನಲ್ಲಿರುವ ಮಾದರಿಯಲ್ಲಿ ಈ ತಿರುಪನ್ನು ಬಿಗಿಯುವಾಗ ಕಡ್ಡಿ ತುಸು ತಿರುಗಿಬಿಡುತ್ತದೆ. ಇಷ್ಟು ಸೂಕ್ಷ್ಮ ಕೆಲಸದ ಸಾಧನದಲ್ಲಿ ಅದು ಕ್ಷಮಿಸಲಾಗದ ಕೊರತೆ. ಮುಖ್ಯ ಕ್ಯಾಮೆರಾದ ಫೋಕಸ್ ಸರಿಯಾದ ಮೇಲೆ ಗೈಡ್ ಕ್ಯಾಮೆರಾವನ್ನು ಅದಕ್ಕೆ ಹೊಂದಿಸಬೇಕೇ ಹೊರತು ತಿರುಗಾಮುರುಗಾ ಅಲ್ಲ. ಎಫ್/6.3 ರೆಡ್ಯೂಸರ್ (ಸಂಗಮದೂರವನ್ನು ಕಿರಿದಾಗಿಸುವ ಮಸೂರ) ಬಳಸುವವರು ಅದರಿಂದ ಸೆನ್ಸರಿನವರೆಗಿನ 105 ಮಿ.ಮೀ. ಅಂತರದಲ್ಲಿ ಗೈಡರಿನ ದಪ್ಪವನ್ನೂ ಸೇರಿಸಿ ಲೆಕ್ಕ ಹಾಕಬೇಕು.

ನಿಜವಾದ ತೊಡಕು ನಕ್ಷತ್ರಗಳ ಬರ. ಹಂಸ ನಕ್ಷತ್ರಪುಂಜದ ಕಡೆ ಎಲ್ಲಿ ತಿರುಗಿಸಿದರೂ ನಕ್ಷತ್ರ ಸಿಗುತ್ತದೆ. ಉದ್ದ ಸಂಗಮದೂರವನ್ನು ಬಯಸುವ ಪುಟ್ಟ ಗೆಲಾಕ್ಸಿಗಳಿರುವುದು ಮಾತ್ರ ಕ್ಷೀರಪಥದಿಂದ ದೂರವಿರುವ ಕನ್ಯಾ, ಸಿಂಹಗಳ ಕಡೆ, ಅಲ್ಲಿ ಪ್ರಿಸಂನ ಕಿರಿದಾದ ಕಿಂಡಿಗೆ ಕೆಲವೊಮ್ಮೆ ಏನೂ ಬೀಳುವುದಿಲ್ಲ. ಇಂತಹ ಕಡೆ ಏಕವರ್ಣದ ಗೈಡ್ ಕ್ಯಾಮೆರಾವನ್ನು 2×2 ಬಿನ್ನಿಂಗ್‌ನಲ್ಲಿ (ನಾಲ್ಕು ಪಿಕ್ಸೆಲ್‌ಗಳನ್ನು ಒಂದಾಗಿ ಓದುವ ಕ್ರಮ), 3–4 ಸೆಕೆಂಡ್ ಎಕ್ಸ್‌ಪೋಷರ್‌ನಲ್ಲಿ ಇಡುತ್ತೇನೆ. ಅಂಚಿನ ನಕ್ಷತ್ರಗಳು ರೆಕ್ಕೆ ಬಿಚ್ಚಿದ ಹಕ್ಕಿಯಂತೆ ವಿಕಾರವಾಗಿದ್ದರೂ ಪಿಎಚ್‌ಡಿ2 ಅವುಗಳ ಕೇಂದ್ರವನ್ನು ಚೆನ್ನಾಗಿಯೇ ಹಿಡಿಯುತ್ತದೆ. ಎಕ್ಸ್‌ಪೋಷರ್ ಉದ್ದವಾದಷ್ಟೂ ವಾತಾವರಣದ ಕಂಪನದ ಹಿಂದೆ ಓಡುವ ಚಟವೂ ಮೌಂಟಿಗೆ ತಪ್ಪುತ್ತದೆ, ಆದರೆ ಗೇರುಗಳ ದೋಷ ಬೇಗ ಬದಲಾಗುವ ಮೌಂಟಿನಲ್ಲಿ ಈ ಸ್ವಾತಂತ್ರ್ಯ ಇರುವುದಿಲ್ಲ.

ನಕ್ಷತ್ರ ಹುಡುಕಲು ಗೈಡರನ್ನು ತಿರುಗಿಸಿದರೆ ಕ್ಯಾಲಿಬ್ರೇಷನ್ (ಮೌಂಟ್ ಚಲಿಸಿದಾಗ ಗೈಡ್ ನಕ್ಷತ್ರ ಯಾವ ದಿಕ್ಕಿಗೆ ಎಷ್ಟು ಸರಿಯುತ್ತದೆಂಬ ಅಳತೆ) ಮತ್ತೆ ಮಾಡಬೇಕು. ಖಗೋಳ ವಿಷುವದ್ವೃತ್ತಕ್ಕೆ ಹತ್ತಿರದಲ್ಲಿ ಮಾಡಿದರೆ ಅದು ನಂಬಿಕೆಗೆ ಅರ್ಹವಾಗಿರುತ್ತದೆ. ಕ್ಯಾಮೆರಾ ಮತ್ತು ಪ್ರಿಸಂ ನಡುವಿನ ಕೋನ ಬದಲಾಗಿದ್ದರೆ ಫ್ಲಾಟ್‌ಗಳೂ ಹೊಸದಾಗಿ ಬೇಕು.

500 ಮಿ.ಮೀ. ಆಸುಪಾಸಿನ ವಕ್ರೀಭವನ ದೂರದರ್ಶಕ ಇರುವವರಿಗೆ ಇಷ್ಟೆಲ್ಲ ಪರದಾಟದ ಅಗತ್ಯವಿಲ್ಲ. ಅಲ್ಲಿ ಜರುಗುವ ದರ್ಪಣವಿಲ್ಲ, ಪಿಕ್ಸೆಲ್ ಲೆಕ್ಕವೂ ಉದಾರವಾಗಿದೆ. ನನ್ನ ಹಳೆಯ ಗೈಡ್ ಸ್ಕೋಪ್ ಈಗಲೂ ಅಂತಹ ಕೊಳವೆಯ ಮೇಲೆ ತಕರಾರಿಲ್ಲದೆ ಕೆಲಸ ಮಾಡುತ್ತಿದೆ.